ಸಹಾಯ ಬೇಕು: ಜೀವನಾಂಶದ ಕೇಸಿನಲ್ಲಿ ಮಗುವಿನ ಡಿಎನ್‌ಎ ಟೆಸ್ಟ್ ಕೇಳಿದ್ದಾರೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಜೀವನಾಂಶದ ಕೇಸ್ ಹಾಕಿ ಎಂಟು ತಿಂಗಳಾಯಿತು. ಈಗ ಅವಳ ಗಂಡ "ಮಗು ನನ್ನದಲ್ಲ, ಡಿಎನ್‌ಎ ಟೆಸ್ಟ್ ಆಗಲಿ" ಎಂದು ಅರ್ಜಿ ಕೊಟ್ಟಿದ್ದಾನೆ. ತೊಟ್ಟಿಲು ಶಾಸ್ತ್ರದ ದಿನ ಬೀದಿಗೆಲ್ಲ ಪೇಡ ಹಂಚಿದವನೂ ಇವನೇ!

ಟೆಸ್ಟ್ ಬಗ್ಗೆ ಸ್ವಲ್ಪ ಓದಿಕೊಂಡೆ. ತಾಯಿ, ಮಗು, ಗಂಡ ಮೂವರ ರಕ್ತ ಅಥವಾ ಕೆನ್ನೆಯ ಒಳಗಿನ ಸ್ವಾಬ್ ತೆಗೆಯುತ್ತಾರೆ. ಮಗುವಿನ ಡಿಎನ್‌ಎಯಲ್ಲಿ ಅರ್ಧ ತಾಯಿಯದು. ಉಳಿದರ್ಧ ಗಂಡನದಕ್ಕೆ ತಾಳೆಯಾಗಬೇಕು. ಹೋಲಿಸುವ ಡಿಎನ್‌ಎ ಗುರುತುಗಳಲ್ಲಿ ಒಂದು ತಪ್ಪಿದರೆ ಅದು ಮ್ಯುಟೇಶನ್ (ಡಿಎನ್‌ಎಯಲ್ಲಿ ತಾನಾಗಿಯೇ ಆಗುವ ಬದಲಾವಣೆ) ಇರಬಹುದು, ಹಲವು ತಪ್ಪಿದರೆ ಅವನು ತಂದೆಯಲ್ಲ.

ನನಗೆ ಗೊಂದಲ ಇರುವುದು ಕಾನೂನಿನಲ್ಲಿ. ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಸೆಕ್ಷನ್ (ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 112) ಪ್ರಕಾರ ಮದುವೆ ಊರ್ಜಿತವಾಗಿದ್ದಾಗ ಹುಟ್ಟಿದ ಮಗು ಗಂಡನದೇ. ಅಲ್ಲ ಎನ್ನಬೇಕಾದರೆ, ಗರ್ಭ ನಿಂತ ಸಮಯದಲ್ಲಿ ಇಬ್ಬರೂ ಸೇರುವ ಅವಕಾಶವೇ ಇರಲಿಲ್ಲ ಎಂದು ಅವನೇ ತೋರಿಸಬೇಕು. ಇವರಿಬ್ಬರೂ ಆಗ ಒಂದೇ ಮನೆಯಲ್ಲಿದ್ದರು. ಕೇಳಿದವರಿಗೆಲ್ಲ ಸುಮ್ನೆ ಟೆಸ್ಟ್‌ಗೆ ಆದೇಶ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಆದರೆ 2014ರ ಒಂದು ಕೇಸಿನಲ್ಲಿ, ಟೆಸ್ಟ್ ಆಗಿಹೋದ ಮೇಲೆ, ಕೋರ್ಟ್ ರಿಪೋರ್ಟನ್ನೇ ಒಪ್ಪಿತು.

ತಂಗಿ "ಮಾಡಿಸಿಬಿಡೋಣ ಅಣ್ಣಾ, ನನಗೇನು ಭಯ" ಅನ್ನುತ್ತಾಳೆ. ವಕೀಲರು ವಿರೋಧಿಸೋಣ ಅನ್ನುತ್ತಾರೆ. ಬೇಡ ಅಂದರೆ ಕೋರ್ಟ್ ಅನುಮಾನ ಪಡುತ್ತದಾ? ಆದೇಶ ಬಂದರೆ ಖರ್ಚು ಯಾರದು? ಸ್ಯಾಂಪಲ್ ಕೊಡಲು ಮಗುವನ್ನು ಬೆಂಗಳೂರಿಗೋ ಹೈದರಾಬಾದಿಗೋ ಕರೆದೊಯ್ಯಬೇಕಾ, ಇಲ್ಲೇ ಜಿಲ್ಲಾಸ್ಪತ್ರೆಯಲ್ಲಿ ತೆಗೆಯುತ್ತಾರಾ? ಮಗುವಿಗೆ ನಾಲ್ಕು ವರ್ಷ, ಸೂಜಿ ಕಂಡರೆ ಅಳುತ್ತದೆ. ಇಂಥ ಕೇಸ್ ನಡೆಸಿದವರು ದಯವಿಟ್ಟು ಹೇಳಿ. ಮುಂದಿನ ವಾರವೇ ವಿಚಾರಣೆ ಇದೆ.