ಸೂಜಿಯ ಕೋಣೆ ಹೆಂಗಸರಿಗೆ ಬೇರೆಯೇ ಬೇಕೆ?

ಮಲೆನಾಡಿಗ: ಕೆನಡಾದ ವ್ಯಾಂಕೂವರಿನ ಡೌನ್‌ಟೌನ್ ಈಸ್ಟ್‌ಸೈಡ್‌ನಲ್ಲಿ, ದಾದಿಯರ ಕಣ್ಣೆದುರಿಗೇ ಮಾದಕ ವಸ್ತು ಚುಚ್ಚಿಕೊಳ್ಳಲು 2003ರಿಂದ ‘ಇನ್‌ಸೈಟ್’ ಎಂಬ ಕೇಂದ್ರವಿದೆ. ಅದು ಸಾಲದೆಂಬಂತೆ 2017ರಲ್ಲಿ ಹೆಂಗಸರಿಗೆಂದೇ ‘ಸಿಸ್ಟರ್‌ಸ್ಪೇಸ್’ ತೆರೆದರು. ತಲೆಯ ಮೇಲೆ ಸೂರಿಲ್ಲದವಳಿಗೆ ಮನೆ ಕೊಡುವುದನ್ನು ಬಿಟ್ಟು ಸೂಜಿಗೆ ಕೋಣೆ ಕೊಡುವುದು ಯಾವ ನ್ಯಾಯ?

ಹೇಸ್ಟಿಂಗ್ಸ್ ಬೀದಿಯ ದಾದಿ: ಅದೇ ಪ್ರದೇಶದ ಹೇಸ್ಟಿಂಗ್ಸ್ ಬೀದಿಯಲ್ಲಿ ಎರಡು ಚಳಿಗಾಲ ಸ್ವಯಂಸೇವೆ ಮಾಡಿದ್ದೇನೆ. ಅಲ್ಲಿನ ಎಷ್ಟೋ ಹೆಂಗಸರಿಗೆ ತಾವೇ ಚುಚ್ಚಿಕೊಳ್ಳಲು ಬರುವುದಿಲ್ಲ. ಮದ್ದು ತರುವವನು, ಚಮಚದಲ್ಲಿ ಕರಗಿಸುವವನು, ಮೊದಲು ತಾನು ಚುಚ್ಚಿಕೊಂಡು ಅದೇ ಸೂಜಿಯನ್ನು ಇವಳ ತೋಳಿಗೆ ಇಳಿಸುವವನು, ಎಲ್ಲ ಜೊತೆಗಾರನೇ. ಎಚ್‌ಐವಿ ಅವಳನ್ನು ಬೇಗ ಮುಟ್ಟುವುದು ಈ ಸರದಿಯಿಂದ. ಇನ್‌ಸೈಟ್ ತೆರೆದಾಗ ತನ್ನ ಕೈಯಿಂದಲೇ ಚುಚ್ಚಿಕೊಳ್ಳಬೇಕೆಂಬ ನಿಯಮವಿತ್ತು. ಹಾಗಾಗಿ ಪರರ ಕೈಯನ್ನೇ ನಂಬಿದವಳಿಗೆ ಗಲ್ಲಿಯೇ ಗತಿಯಾಯಿತು. (ನಿಯಮ ಬರೆದವರು ಗಂಡಸರನ್ನಷ್ಟೇ ನೆನೆದಿದ್ದರೇನೋ ಎಂದು ನನಗೆ ಆಗಾಗ ಅನ್ನಿಸಿದ್ದುಂಟು.)

ಕರಿಕೋಟು: ಕಾನೂನಿನ ಮಾತೊಂದು. ಇನ್‌ಸೈಟ್‌ಗೆ ಮಾದಕ ವಸ್ತು ಕಾನೂನಿನಿಂದ ಕೊಟ್ಟಿದ್ದ ವಿನಾಯಿತಿಯನ್ನು ಮುಂದುವರಿಸಲು ಕೇಂದ್ರ ಸರ್ಕಾರ ಒಪ್ಪದಿದ್ದಾಗ, ಅದು ಜೀವದ ಹಕ್ಕಿಗೆ ಧಕ್ಕೆಯೆಂದು ಕೆನಡಾದ ಸುಪ್ರೀಂ ಕೋರ್ಟ್ 2011ರಲ್ಲಿ ಒಮ್ಮತದಿಂದ ಹೇಳಿತು. ಆದರೆ ಬೇಕಾದಲ್ಲಿ ಬೇಕಾದಾಗ ಮಾದಕ ವಸ್ತು ಇಟ್ಟುಕೊಳ್ಳಲು ಇದು ಪರವಾನಗಿಯಲ್ಲವೆಂದೂ ಅದೇ ತೀರ್ಪಿನಲ್ಲಿದೆ. ಇಬ್ಬರೂ ಅರ್ಧ ಅರ್ಧ ಓದುತ್ತಿದ್ದೀರಿ.

ಮಲೆನಾಡಿಗ: ಸೂಜಿಯ ಸರದಿಯ ವಿಷಯ ನನಗೆ ತಿಳಿದಿರಲಿಲ್ಲ, ಒಪ್ಪಿದೆ. ಆದರೂ ಹೆರಾಯಿನ್‌ಗಿಂತ ಎಷ್ಟೋ ತೀವ್ರವಾದ ಫೆಂಟನಿಲ್ ಎಂಬ ಮಾದಕ ವಸ್ತುವಿನ ಹಾವಳಿಯಿಂದ 2016ರಲ್ಲಿ ಅಲ್ಲಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ತುರ್ತು ಪರಿಸ್ಥಿತಿ ಘೋಷಿಸಿದ ಮೇಲೂ ಸಾವು ನಿಂತಿಲ್ಲ. ಕೋಣೆಯಿಂದ ಹೊರಬಿದ್ದವಳು ರಾತ್ರಿ ಹೋಗುವುದು ಅದೇ ಗಂಡಸಿನ ಬಳಿಗಲ್ಲವೇ?

ಹೇಸ್ಟಿಂಗ್ಸ್ ಬೀದಿಯ ದಾದಿ: ಹೌದು, ಅಲ್ಲಿಗೇ. ಮನೆ ಬೇಡವೆಂದು ನಾನೆಲ್ಲಿ ಹೇಳಿದೆ? ಬೀದಿಯಲ್ಲಿ ಮಲಗಿದರೆ ಚೀಲ ಹೋಗುತ್ತದೆ, ಇಲ್ಲವೇ ಯಾರೋ ಮೈಮೇಲೆ ಬರುತ್ತಾರೆ. ಅದಕ್ಕೇ ಎಚ್ಚರವಿರಲೆಂದು ರಾತ್ರಿಯಿಡೀ ನಿದ್ದೆಗೆಡಿಸುವ ಮಾದಕ ವಸ್ತು ಮೆತ್ ಬಳಸಿ, ಬೆಳಗ್ಗೆ ಅದರ ಅಮಲು ಇಳಿಸಲು ಹೆರಾಯಿನ್ ಹುಡುಕುವವರಿದ್ದಾರೆ. ಒಬ್ಬಾಕೆ ಬೂಟಿನ ಲೇಸನ್ನು ಎರಡು ಗಂಟು ಹಾಕಿಕೊಂಡೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ಅವಳ ತುಟಿ ನೀಲಿಗಟ್ಟಿದ ದಿನ ಪಕ್ಕದಲ್ಲಿ, ಇಂಥ ಮಾದಕ ವಸ್ತು ಮಿತಿಮೀರಿದಾಗ ಉಸಿರು ಮರಳಿಸುವ ಔಷಧ ನಲಾಕ್ಸೋನ್ ಹಿಡಿದವರಿದ್ದರು. ಮನೆಯ ಕಾಯುವ ಪಟ್ಟಿಯಲ್ಲಿ ಅವಳ ಹೆಸರು ಆಗಲೂ ಇತ್ತು.