ಮೆಡಿಟರೇನಿಯನ್‌ನಲ್ಲಿ ಕಾಣೆಯಾದವರ ಗುರುತು: ಮನೆಯವರಿಂದ ಏನೇನು ಕೇಳಿ ಬರೆದುಕೊಳ್ಳಬೇಕು?

ನೇತ್ರಾವತಿ: ಲಿಬಿಯಾದಿಂದ ಇಟಲಿಗೆ ದೋಣಿ ಹತ್ತಿ ಕಾಣೆಯಾದ ವಲಸಿಗರ ಬಂಧುಗಳಿಂದ ಮಾಹಿತಿ ಬರೆದುಕೊಳ್ಳುವಾಗ ಮೊದಲು ಏನು ಕೇಳಬೇಕು? ಡಿಎನ್‌ಎ ಒಂದೇ ಸಾಲದೇ? ಅಪ್ಪ ಅಮ್ಮ ಇಬ್ಬರೂ ಇಲ್ಲದೆ ತಮ್ಮನೊಬ್ಬನೇ ಉಳಿದಿದ್ದರೆ?

ಹಳೇಸೇತುವೆ: ಮೊದಲು ಕೊನೆಯ ಫೋನ್ ಕರೆ. ಯಾವ ದಿನ, ಯಾವ ಊರಿನ ದಂಡೆಯಿಂದ, ಜೊತೆಗೆ ಯಾರಿದ್ದರು? ವಿಮಾನ ಬಿದ್ದರೆ ಪ್ರಯಾಣಿಕರ ಪಟ್ಟಿ ಇರುತ್ತದೆ, ಈ ದೋಣಿಗಳಿಗೆ ಪಟ್ಟಿಯೇ ಇಲ್ಲ. ಯಾವ ದೋಣಿ ಎಂದು ತಿಳಿಯುವುದು ಆ ಕರೆಯಿಂದಲೇ.

2015ರ ಏಪ್ರಿಲ್ 18ರಂದು ಮುಳುಗಿದ ದೋಣಿಯನ್ನು ಇಟಲಿಯ ನೌಕಾಪಡೆ 2016ರಲ್ಲಿ ಸುಮಾರು 370 ಮೀಟರ್ ಆಳದಿಂದ ಮೇಲೆತ್ತಿತು. ಮಿಲಾನ್ ವಿಶ್ವವಿದ್ಯಾಲಯದ ಕ್ರಿಸ್ಟೀನಾ ಕತ್ತಾನೇಯೋ ಅವರ ತಂಡ ದೇಹಗಳನ್ನು ಪರೀಕ್ಷಿಸಿದಾಗ ಒಬ್ಬ ಹುಡುಗನ ಜಾಕೆಟ್ಟಿನೊಳಗೆ ಹೊಲಿದಿಟ್ಟ ಶಾಲೆಯ ಅಂಕಪಟ್ಟಿ ಸಿಕ್ಕಿತು. ಹೀಗಾಗಿ ಬಟ್ಟೆಯೊಳಗೆ ಏನಾದರೂ ಹೊಲಿದುಕೊಂಡಿದ್ದರೇ ಎಂದು ತಪ್ಪದೆ ಕೇಳಿ.

ಹಲ್ಲು ಕಾಣುವಂತೆ ನಕ್ಕ ಫೋಟೊಗಳು ಬಹಳ ಮುಖ್ಯ. ಮುಂದಿನ ಹಲ್ಲುಗಳ ಆಕಾರ, ಸಂದು, ಮುರುಕು ಇವನ್ನು ತಲೆಬುರುಡೆಯ ಜೊತೆ ಹೋಲಿಸಬಹುದು. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ವಿವರ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಸೆಲ್ಫಿಯಲ್ಲಿ ಎಡಬಲ ತಿರುಗಿರಬಹುದು. ಗಾಯದ ಕಲೆ, ಹಚ್ಚೆ, ಹಳೆಯ ಮೂಳೆಮುರಿತ ಯಾವ ಕಡೆ ಎಂದು ಬಾಯಿಮಾತಿನಲ್ಲೂ ಖಚಿತಪಡಿಸಿಕೊಳ್ಳಿ.

ಬಿಳಿನೆಲ: ಡಿಎನ್‌ಎ ಬಗ್ಗೆ. ಶವದ ಮಾದರಿ ಇದ್ದರೂ ಹೋಲಿಸಲು ಬಂಧುಗಳದ್ದು ಬೇಕು. ಬಹಳಷ್ಟು ಗುರುತುಗಳು ನಿಂತುಹೋಗಿರುವುದು ಅಲ್ಲೇ. ತಂದೆ ತಾಯಿ ಇಬ್ಬರೂ ಇದ್ದರೆ ಅತ್ಯುತ್ತಮ, ಮಕ್ಕಳಿದ್ದರೂ ಒಳ್ಳೆಯದು. ಅಣ್ಣತಮ್ಮಂದಿರು ಹಂಚಿಕೊಳ್ಳುವ ಪಾಲು ಏರುಪೇರಾಗುವುದರಿಂದ ತಮ್ಮನೊಬ್ಬನದು ಹಲವು ಸಲ ಸಾಲದು, ಇಬ್ಬರು ಮೂವರದು ತೆಗೆದುಕೊಳ್ಳಿ. ತಾಯಿಯ ಕಡೆಯ ಸೋದರಮಾವ, ಚಿಕ್ಕಮ್ಮ ಮೈಟೊಕಾಂಡ್ರಿಯಾ (ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಡಿಎನ್‌ಎ) ಪರೀಕ್ಷೆಗೆ ನೆರವಾಗುತ್ತಾರೆ, ಆದರೆ ಅದು ತಾಯಿಯ ವಂಶವನ್ನು ತೋರಿಸೀತೇ ಹೊರತು ವ್ಯಕ್ತಿಯನ್ನಲ್ಲ.

ಬಂಧುಗಳ ಮಾದರಿ ತೆಗೆಯಲು, ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಟ್ಟು ಹತ್ತಿ ಸುತ್ತಿದ ಕಡ್ಡಿಯಿಂದ ಕೆನ್ನೆಯ ಒಳಭಾಗ ಉಜ್ಜಿ, ಎರಡು ಕಡೆಗೆ ಎರಡು ಕಡ್ಡಿ. ನೆರಳಲ್ಲಿ ಪೂರ್ತಿ ಒಣಗಿಸಿ ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ ಬೇಡ, ತೇವ ನಿಂತು ಬೂಷ್ಟು ಹಿಡಿದರೆ ಮಾದರಿ ಹಾಳು.

ನೇತ್ರಾವತಿ: ಶವದ ಫೋಟೊ ತೋರಿಸಿ ಮುಖ ಗುರುತು ಹಿಡಿಸಬಹುದೇ?

ಹಳೇಸೇತುವೆ: ಅದೊಂದನ್ನೇ ನಂಬಬೇಡಿ. ನೀರಲ್ಲಿ ಕೆಲವೇ ದಿನಗಳಲ್ಲಿ ಮುಖ ಊದಿ ಬದಲಾಗುತ್ತದೆ, ಕಾಯುತ್ತ ಕಂಗೆಟ್ಟವರು ಯಾರದೋ ಮುಖಕ್ಕೆ ಹೌದು ಎಂದುಬಿಡುತ್ತಾರೆ. ಅಂಗಿ, ಫೋನು ಕೈ ಬದಲಾಗಿರುವುದೂ ಉಂಟು. ಒಂದು ತಪ್ಪು ಗುರುತಿನಿಂದ ಎರಡು ಮನೆಗಳಿಗೆ ಅನ್ಯಾಯ.

ಇನ್ನೊಂದು, ಮನೆಯವರು ತಮ್ಮ ದೇಶದ ರೆಡ್ ಕ್ರಾಸ್ ಅಥವಾ ರೆಡ್ ಕ್ರೆಸೆಂಟ್ ಮೂಲಕ ಉಚಿತವಾಗಿ ಹುಡುಕಾಟದ ಅರ್ಜಿ ಹಾಕಬಹುದು. ರೆಡ್ ಕ್ರಾಸ್‌ನ 'ಟ್ರೇಸ್ ದ ಫೇಸ್' ತಾಣದಲ್ಲಿ ಹಾಕುವುದು ಹುಡುಕುತ್ತಿರುವವರ ಫೋಟೊ, ಕಾಣೆಯಾದವರದ್ದಲ್ಲ. ಆಫ್ರಿಕಾದ ಎರಿಟ್ರಿಯಾದಂಥ ಕಡೆ ಮನೆಯವರು ಸ್ವಂತ ಸರ್ಕಾರಕ್ಕೇ ಹೆದರುತ್ತಾರೆ, ಅವರನ್ನು ರಾಯಭಾರ ಕಚೇರಿಗೆ ಕಳಿಸಬೇಡಿ. 'ಸತ್ತಿದ್ದಾರೆ' ಎಂದೂ ಬರೆಯಬೇಡಿ. ಲಿಬಿಯಾದ ಬಂಧನ ಕೇಂದ್ರದಲ್ಲಿ ಜೀವಂತ ಇರಬಹುದು.

ಬಿಳಿನೆಲ: ಮಾದರಿ ಕೊಡುವವರು ಮಲತಾಯಿ ಮಕ್ಕಳೋ, ಕಾಣೆಯಾದವನು ಸಾಕುಮಗನೋ ಎಂಬುದನ್ನು ಒಬ್ಬೊಬ್ಬರನ್ನೇ ಕೂರಿಸಿ ಕೇಳಿ. ನಾಲ್ಕು ಜನರ ಮುಂದೆ ನಿಜ ಹೇಳುವುದಿಲ್ಲ, ಆಮೇಲೆ ಸರಿಯಾದ ಶವವೇ 'ಹೊಂದುವುದಿಲ್ಲ' ಎಂದು ಪಕ್ಕಕ್ಕೆ ಹೋಗುತ್ತದೆ.