ಸಿಂಗಪುರದ ಮುಸ್ಲಿಮರು ಹೇಗಿರಬೇಕು ಎಂದು ಮಂಡಳಿ ಹೇಳಬೇಕೇ?

ಶ್ವೇತಾ:
ಎಂ.ಎ. ಪ್ರಬಂಧಕ್ಕೆ ಸಿಂಗಪುರ ಆರಿಸಿಕೊಂಡಿದ್ದೇನೆ. ಅಲ್ಲಿನ ಇಸ್ಲಾಮಿಕ್ ಮಂಡಳಿ ‘ಮುಯಿಸ್’ ಮುಸ್ಲಿಮರಲ್ಲಿ ಇರಬೇಕಾದ ಹತ್ತು ಗುಣಗಳ ಪಟ್ಟಿಯನ್ನೇ ಮಾಡಿದೆ. ಅಲ್ಲಿರುವವರಿಗೆ ಇದು ಹೇಗನಿಸುತ್ತದೆ?

ನಜೀರ್:
ಶ್ವೇತಾ ಅವರೇ, ನಾನು ಇಲ್ಲೇ ಕೆಲಸದಲ್ಲಿದ್ದೇನೆ. ಮುಯಿಸ್ ಅನ್ನು ಸುಮ್ನೆ ಬೈಯಲು ನನಗೆ ಮನಸ್ಸಿಲ್ಲ. 1968ರಲ್ಲಿ ಕಾನೂನಿನಡಿ ಹುಟ್ಟಿದ ಮಂಡಳಿ ಅದು. ಆ ಕಾಲದಲ್ಲಿ ಹಳ್ಳಿಗಳನ್ನು ತೆರವು ಮಾಡಿ ಜನರನ್ನು ಸರ್ಕಾರಿ ಫ್ಲ್ಯಾಟುಗಳಿಗೆ ಕಳಿಸುತ್ತಿದ್ದರು. ಹೊಸ ಬಡಾವಣೆಗಳಲ್ಲಿ ಮಸೀದಿ ಇರಲಿಲ್ಲ. 1975ರಲ್ಲಿ ಮಸೀದಿ ನಿಧಿ ಶುರುವಾಯಿತು. ದುಡಿಯುವ ಮುಸ್ಲಿಮರ ಸಂಬಳದಲ್ಲಿ ತಿಂಗಳಿಗೆ ಸ್ವಲ್ಪ ಮುರಿದುಕೊಳ್ಳುತ್ತಾರೆ, ಬೇಡ ಅನ್ನುವವರು ಬರೆದುಕೊಟ್ಟು ಹೊರಗುಳಿಯಬಹುದು. 1977ರಲ್ಲಿ ತೋವಾ ಪಯೋ ಬಡಾವಣೆಯಲ್ಲಿ ಮುಹಾಜಿರೀನ್ ಮಸೀದಿ ಎದ್ದದ್ದು ಆ ಹಣದಿಂದಲೇ. ನನ್ನ ಪೇಸ್ಲಿಪ್ಪಿನಲ್ಲೂ ಆ ಸಾಲು ಇದೆ. ಖುಷಿಯಿಂದ ಕೊಡುತ್ತೇನೆ.

ನನಗೆ ನೋವಾಗುವುದು ನೀವು ಹೇಳಿದ ಪಟ್ಟಿಯಿಂದ. ಒಳ್ಳೆಯ ಮುಸ್ಲಿಮರು ಒಳ್ಳೆಯ ನಾಗರಿಕರೂ ಹೌದು ಎಂಬ ಅರ್ಥದ ಮಾತು ಅದರಲ್ಲಿದೆ. ಮಾತು ನಿಜವೇ. ಆದರೆ ಅಲ್ಲ ಅಂದವರು ಯಾರು? 2001ರ ಕೊನೆಯಲ್ಲಿ ಜೆಮಾ ಇಸ್ಲಾಮಿಯಾ ಎಂಬ ಉಗ್ರ ಸಂಘಟನೆಯವರ ಬಂಧನಗಳಾದವು. ಪಟ್ಟಿ ಬಂದದ್ದು ಅದರ ನಂತರದ ವರ್ಷಗಳಲ್ಲಿ. ಯಾರೋ ಕೆಲವರ ತಪ್ಪಿಗೆ ಇಡೀ ಸಮುದಾಯ ನಿಷ್ಠೆ ತೋರಿಸಬೇಕಾಗಿ ಬಂತು. ಬೇರೆ ಧರ್ಮದವರನ್ನು ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ.

ರಾಘು:
ನಜೀರ್ ಭಾಯ್, ಇನ್ನೊಂದು ಬದಿಯೂ ಇದೆ ಅಲ್ವಾ? 2017ರಲ್ಲಿ ಭಾರತದಿಂದ ಬಂದಿದ್ದ ಇಮಾಮರೊಬ್ಬರು ಕ್ರೈಸ್ತರು, ಯಹೂದಿಗಳ ವಿರುದ್ಧ ಪ್ರಾರ್ಥಿಸಿದರು. 4,000 ಡಾಲರ್ ದಂಡ ಹಾಕಿ ವಾಪಸ್ ಕಳಿಸಿದರು. ಅಷ್ಟು ಜನಾಂಗ ಒಟ್ಟಿಗಿರುವ ಊರಲ್ಲಿ ಯಾರಾದರೂ ನೋಡಿಕೊಳ್ಳಲೇಬೇಕು.

ನಜೀರ್:
ರಾಘು, ಆ ದಂಡ ಸರಿಯೇ. ದ್ವೇಷಕ್ಕೆ ಕಾನೂನು ಇರಲಿ. ಆದರೆ ಶುಕ್ರವಾರದ ಖುತ್ಬಾ (ಮಸೀದಿಯ ಪ್ರವಚನ) ಕೂಡ ಮುಯಿಸ್‌ನಲ್ಲೇ ತಯಾರಾಗಿ ಬರುತ್ತದೆ, ಮಲಯ, ಇಂಗ್ಲಿಷ್, ತಮಿಳಿನಲ್ಲಿ. ನಮ್ಮ ಬ್ಲಾಕಿನಲ್ಲಿ ಕೆಲಸ ಕಳೆದುಕೊಂಡವರು ಯಾರು, ಯಾವ ಮನೆಯಲ್ಲಿ ಸಾವಾಗಿದೆ ಎಂದು ಇಮಾಮರಿಗೆ ಗೊತ್ತು, ಆ ಹಾಳೆಗೆ ಗೊತ್ತಿಲ್ಲ.

ಫರ್ಹಾನಾ:
ನಾನು ಇಲ್ಲಿ ನರ್ಸ್. ಡ್ಯೂಟಿಯಲ್ಲಿ ತುದುಂಗ್ (ತಲೆವಸ್ತ್ರ) ಹಾಕಲು ಬಿಡಿ ಎಂದು ಎಷ್ಟೋ ವರ್ಷ ಕೇಳಿದೆವು. ಸಮವಸ್ತ್ರ ಎಲ್ಲರಿಗೂ ಒಂದೇ ಇರಬೇಕು ಎಂದು ಸರ್ಕಾರದವರು ಹೇಳುತ್ತಿದ್ದರು. 2021ರ ಆಗಸ್ಟಿನಲ್ಲಿ ಪ್ರಧಾನಿ ಭಾಷಣದಲ್ಲಿ ಒಪ್ಪಿದರು, ನವೆಂಬರಿನಿಂದ ಹಾಕುತ್ತಿದ್ದೇವೆ. ಯಾವ ರೋಗಿಯೂ ನನ್ನನ್ನು ಏನೂ ಅನ್ನಲಿಲ್ಲ. ಶ್ವೇತಾ, ಪ್ರಬಂಧದಲ್ಲಿ ಇದನ್ನೂ ಬರೆಯಿರಿ: ಕೂಡದು ಅಂದವರೂ ಅವರೇ, ಆಗಬಹುದು ಅಂದವರೂ ಅವರೇ.